ಹಾಡಿದವರಿಗೂ ಹಕ್ಕುಂಟು: ಮಂಡ್ಯ, ಮದ್ದೂರು, ಮಳವಳ್ಳಿಗಳ ಕಲಾವಿದರಿಗೊಂದು ಹಕ್ಕುಸ್ವಾಮ್ಯ ಕೈಪಿಡಿ

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠವನ್ನೂ ಕಾವೇರಿಯಾಚೆಯ ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಗದ್ದುಗೆಯನ್ನೂ ಗುರುಸ್ಥಾನವೆಂದು ನಂಬಿ, ತಂಬೂರಿ ಹಿಡಿದು, ಗಗ್ಗರ ಡಕ್ಕೆಗಳ ಮೇಳದೊಡನೆ ರಾತ್ರಿಯೆಲ್ಲ ಕಥೆ ಹಾಡುವ ನೀಲಗಾರರು, ತಾವು ಹಾಡುವ ಕಾವ್ಯದ ಮೇಲೆ ತಮಗೊಂದು ಒಡೆತನವುಂಟೆಂದು ಹಿಂದಿನ ಕಾಲದಲ್ಲಿ ಹೇಳಿಕೊಂಡವರಲ್ಲ; ಹೇಳಿಕೊಳ್ಳಬೇಕಾದ ಸಂದರ್ಭವೂ ಅವರಿಗೆ ಒದಗಿರಲಿಲ್ಲ. ಹಾಡುವವನ ಕಂಠವಿದ್ದಲ್ಲಿ ಮಾತ್ರವೇ ಹಾಡು ಇರುತ್ತಿದ್ದ ಆ ದಿನಗಳಲ್ಲಿ, ಕಥೆ ಬೇಕಾದವರು ಹಾಡುವವನನ್ನೇ ಮನೆಗೆ ಕರೆಯಬೇಕಾಗಿತ್ತು. ಕರೆದವರು ಊಟವಿಕ್ಕಿ, ದವಸ ದಕ್ಷಿಣೆಗಳನ್ನಿತ್ತು ಕಳುಹಬೇಕಾಗಿತ್ತು. ಹಾಡಿಗೂ ಹಾಡಿದವನಿಗೂ ನಡುವೆ ಮೂರನೆಯವರು ಬಂದು ನಿಲ್ಲುವುದಕ್ಕೆ ದಾರಿಯೇ ಇರಲಿಲ್ಲ.

ಆ ದಾರಿಯನ್ನು ಮೊದಲು ತೆರೆದುದು ಕ್ಯಾಸೆಟ್ಟು. ಅದನ್ನು ಹೆದ್ದಾರಿಯಾಗಿ ಅಗಲಿಸಿದುದು ಕೈಯಲ್ಲಿನ ಮೊಬೈಲು. ಈಗ ಜಾತ್ರೆಯ ಮೂಲೆಯಲ್ಲಿ ಕುಳಿತು ಹಾಡಿದ ಒಂದು ಪದ, ಹಾಡಿದವನು ಮನೆ ಸೇರುವ ಮುನ್ನವೇ ಯಾರದೋ ಯೂಟ್ಯೂಬ್ ಚಾನೆಲ್ಲನ್ನು ಸೇರಿ, ಅಲ್ಲಿಂದ ಇನ್ನೊಬ್ಬರ ರೀಲ್ಸಿಗೆ ಹಿನ್ನೆಲೆಯಾಗಿ, ಮತ್ತೊಬ್ಬರ ಜಾಹೀರಾತಿಗೆ ಆಕರ್ಷಣೆಯಾಗಿ, ಹಾಡುಗಾರನ ಹೆಸರನ್ನು ಎಲ್ಲೋ ಕಳೆದುಕೊಂಡು ಲೋಕಸಂಚಾರ ಮಾಡುತ್ತದೆ. ಸಂಚಾರದಲ್ಲಿ ಹಣವನ್ನೂ ಗಳಿಸುತ್ತದೆ. ಆ ಹಣದಲ್ಲಿ ಹಾಡಿದವನ ಪಾಲೆಷ್ಟೆಂದು ಕೇಳುವವರಿಲ್ಲ. ಇದು ಒಂದು ಮಗ್ಗುಲಿನ ಕಷ್ಟವಾದರೆ, ಇನ್ನೊಂದು ಮಗ್ಗುಲಿನಲ್ಲಿ, ಯಾವ ದುರುದ್ದೇಶವೂ ಇಲ್ಲದೆ ಊರ ನಾಟಕವನ್ನೋ ತಂಗಿಯ ಮದುವೆಯನ್ನೋ ಅಂತರ್ಜಾಲಕ್ಕೆ ಹಾಕಿದ ತರುಣನಿಗೆ, ‘ಈ ವಿಡಿಯೋದಲ್ಲಿರುವ ಸಂಗೀತ ಬೇರೆಯವರ ಸ್ವತ್ತು’ ಎಂಬ ಸೂಚನೆ ಬಂದು ಅವನನ್ನು ಕಂಗೆಡಿಸುತ್ತದೆ. ಈ ಎರಡು ಕಷ್ಟಗಳಿಗೂ ಮೂಲವೊಂದೇ, ಹಕ್ಕುಸ್ವಾಮ್ಯದ ಅರಿವಿನ ಕೊರತೆ. ಹಾಡು ಊರಿನದಾದರೂ ದನಿ ಹಾಡಿದವರದು. ಆ ದನಿಯ ಮೇಲೆ ನಮ್ಮ ದೇಶದ ಕಾನೂನು ಈಗಾಗಲೇ ಹಕ್ಕನ್ನು ಕೊಟ್ಟಿದೆ. ಆದರೆ ಬರೆಹದಲ್ಲಿ ಕೇಳಿ ಪಡೆದವರಿಗಲ್ಲದೆ ಉಳಿದವರಿಗೆ ಆ ಹಕ್ಕು ಕೈಗೂಡುವುದು ದುರ್ಲಭ. ಈ ಲೇಖನದ ಸಾರಾಂಶವೆಲ್ಲ ಇಷ್ಟೇ. ಮುಂದಿನದು ಅದರ ವಿವರ.

ಒಂದು ಹಾಡಿನೊಳಗೆ ಎಷ್ಟು ಒಡೆತನ?

ಹಾಡೆಂಬುದು ಕಿವಿಗೆ ಒಂದೇ ಆದರೂ ಕಾನೂನಿನ ಕಣ್ಣಿಗೆ ಅದು ಒಂದಲ್ಲ. 1957ರ ಹಕ್ಕುಸ್ವಾಮ್ಯ ಅಧಿನಿಯಮವು ಸಾಹಿತ್ಯವನ್ನು ಒಂದು ಕೃತಿಯೆಂದೂ, ಅದಕ್ಕೆ ಹಾಕಿದ ರಾಗಸಂಯೋಜನೆಯನ್ನು ಮತ್ತೊಂದು ಕೃತಿಯೆಂದೂ, ಇವೆರಡನ್ನೂ ಹಿಡಿದಿಟ್ಟ ಧ್ವನಿಮುದ್ರಣವನ್ನು ಮೂರನೆಯ ಕೃತಿಯೆಂದೂ ಎಣಿಸಿ, ಇವುಗಳ ಜೊತೆಗೆ ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಎಂಬುದನ್ನು ಪ್ರತ್ಯೇಕವಾಗಿ ಕೊಡುತ್ತದೆ.

ನಮ್ಮ ಜಿಲ್ಲೆಯದೇ ನಿದರ್ಶನವನ್ನು ತೆಗೆದುಕೊಳ್ಳುವುದಾದರೆ, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪುಸ್ತಕವಾಗಿ ಬಂದಿತು. ಎಷ್ಟೋ ವರ್ಷಗಳ ಬಳಿಕ ಸಿ. ಅಶ್ವಥ್ ಅವರು ಅದರ ಗೀತೆಗಳಿಗೆ ರಾಗ ಹಾಕಿದರು. ಅವನ್ನು ಒಂದು ಸಂಸ್ಥೆ ಮುದ್ರಿಸಿ ಮಾರಿತು. ಹಲವು ಗಾಯಕರು ಕಂಠ ಕೊಟ್ಟರು. ಇಂತಹ ಒಂದು ಗೀತೆಯ ಧ್ವನಿಮುದ್ರಣವನ್ನು ಮದ್ದೂರಿನ ತರುಣನೊಬ್ಬ ತನ್ನ ವಿಡಿಯೋಗೆ ಬಳಸಬೇಕಾದರೆ, ಕವಿಯ ವಾರಸುದಾರರು, ಸಂಯೋಜಕರ ವಾರಸುದಾರರು, ಧ್ವನಿಮುದ್ರಣದ ಒಡೆಯರು, ಹೀಗೆ ಒಂದಕ್ಕಿಂತ ಹೆಚ್ಚು ಬಾಗಿಲುಗಳನ್ನು ತಟ್ಟಬೇಕಾಗಬಹುದು. ಅದೇ ಗೀತೆಯನ್ನು ಅವನು ತನ್ನದೇ ಹೊಸ ರಾಗದಲ್ಲಿ ಹಾಡಿದನೆನ್ನಿ, ಆಗ ಸಂಯೋಜಕರ ಮತ್ತು ಮುದ್ರಕರ ಪ್ರಶ್ನೆ ಬಿಟ್ಟುಹೋದರೂ ಕವಿಯ ಪ್ರಶ್ನೆ ಉಳಿದೇ ಉಳಿಯುತ್ತದೆ.

ನುಡಿ ಬೇರೆ, ರಾಗ ಬೇರೆ ಎಂಬುದನ್ನು ನಾಡಗೀತೆಯ ವಿಚಾರದಲ್ಲಿ ಕನ್ನಡಿಗರೆಲ್ಲರೂ ಕಂಡಿದ್ದಾರೆ. ಕುವೆಂಪು ಅವರ ಸಾಹಿತ್ಯವೊಂದೇ ಆದರೂ ಅದಕ್ಕೆ ಮೈಸೂರು ಅನಂತಸ್ವಾಮಿಯವರದೊಂದು ಸಂಯೋಜನೆ, ಸಿ. ಅಶ್ವಥ್ ಅವರದೊಂದು ಸಂಯೋಜನೆ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು 2 ನಿಮಿಷ 30 ಸೆಕೆಂಡುಗಳ ಅವಧಿಗೆ ಗೊತ್ತುಪಡಿಸಿ ಆದೇಶ ಹೊರಡಿಸಿದಾಗ, ಗಾಯಕ ಕಿಕ್ಕೇರಿ ಕೃಷ್ಣಮೂರ್ತಿಯವರು ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2024ರ ಏಪ್ರಿಲಿನಲ್ಲಿ ಆ ಅರ್ಜಿ ವಜಾ ಆಯಿತು. ಅಲ್ಲಿನ ವಿವಾದ ಒಡೆತನದ್ದಲ್ಲ, ಯಾವ ಧಾಟಿಯನ್ನು ಹಾಡತಕ್ಕದ್ದೆಂಬುದು; ಆದರೂ ಒಂದು ಸಾಹಿತ್ಯಕ್ಕೆ ರಾಗಗಳು ಹಲವಿರಬಹುದು, ಪ್ರತಿಯೊಂದೂ ಒಬ್ಬೊಬ್ಬರ ಸೃಷ್ಟಿಯಾಗಿರಬಹುದು ಎಂಬ ತತ್ತ್ವ ಅದರಿಂದ ಸಾಮಾನ್ಯರಿಗೂ ಮನದಟ್ಟಾಯಿತು.

ಅವಧಿಯನ್ನು ಲೆಕ್ಕ ಹಾಕುವ ಬಗೆ

ಸಾಹಿತ್ಯಕ್ಕೂ ರಾಗಸಂಯೋಜನೆಗೂ ಹಕ್ಕುಸ್ವಾಮ್ಯವು ಕರ್ತೃವಿನ ಜೀವಿತಕಾಲವಿಡೀ ಇದ್ದು, ಅವರು ತೀರಿಕೊಂಡ ವರ್ಷದ ಮರುವರ್ಷದ ಮೊದಲ ದಿನದಿಂದ ಎಣಿಸಿ ಮತ್ತೆ 60 ವರ್ಷ ನಡೆಯುತ್ತದೆ. ಮಂಡ್ಯ ಸೀಮೆಯ ಮೂವರು ಹಿರಿಯರನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ಮಾಡಿನೋಡಬಹುದು. ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡರು; ಅವರ ಕವಿತೆಗಳ ಹಕ್ಕು 2006ರ ಡಿಸೆಂಬರ್ 31ಕ್ಕೆ ಮುಗಿದು, ಅವು ಇಂದು ಸಾರ್ವಜನಿಕ ಸ್ವತ್ತಾಗಿವೆ; ಯಾರು ಬೇಕಾದರೂ ರಾಗ ಹಾಕಿ ಹಾಡಬಹುದು. ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು 1998ರಲ್ಲಿ ನಿಧನರಾದುದರಿಂದ ಅವರ ಗೀತನಾಟಕಗಳ ಹಕ್ಕು 2058ರ ಕೊನೆಯವರೆಗೂ, 2003ರ ಡಿಸೆಂಬರಿನಲ್ಲಿ ನಿಧನರಾದ ಕೆ. ಎಸ್. ನರಸಿಂಹಸ್ವಾಮಿಯವರ ಗೀತೆಗಳ ಹಕ್ಕು 2063ರ ಕೊನೆಯವರೆಗೂ ಜೀವಂತವಾಗಿರುತ್ತವೆ. ಪುಸ್ತಕ ಹಳೆಯದಾಯಿತೆಂಬ ಕಾರಣದಿಂದ ಹಕ್ಕು ಹಳೆಯದಾಗುವುದಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಧ್ವನಿಮುದ್ರಣದ ಲೆಕ್ಕ ಬೇರೆ. ಅದು ಪ್ರಕಟವಾದ ವರ್ಷದ ಮರುವರ್ಷದಿಂದ 60 ವರ್ಷ. 1985ರಲ್ಲಿ ಮಾರುಕಟ್ಟೆಗೆ ಬಂದ ಒಂದು ಕ್ಯಾಸೆಟ್ಟಿನ ಹಕ್ಕು 2045ರ ಅಂತ್ಯದವರೆಗೆ ಇರುತ್ತದೆ. ಆ ಕ್ಯಾಸೆಟ್ಟು ಈಗ ಎಲ್ಲಿಯೂ ಸಿಕ್ಕದೆಂಬುದು ಅದನ್ನು ನಮ್ಮ ಚಾನೆಲ್ಲಿಗೆ ಹಾಕಿಕೊಳ್ಳಲು ಅನುಮತಿಯಾಗದು. ಪ್ರದರ್ಶಕರ ಹಕ್ಕು, ಹಾಡಿದ ವರ್ಷದ ಮರುವರ್ಷದಿಂದ 50 ವರ್ಷ.

ಜನಪದ ಗೀತೆಯ ವಿಚಾರ

ತಂಬೂರಿ ಪದ, ಕಂಸಾಳೆಯವರ ಮಾದಪ್ಪನ ಕಥೆ, ಹೆಂಗಸರ ಸೋಬಾನೆ, ರಾಗಿ ಬೀಸುವ ಪದ ಮೊದಲಾದ ಪರಂಪರಾಗತ ಹಾಡುಗಳಿಗೆ ಇಂಥವರೇ ಕರ್ತೃವೆಂದು ಹೇಳಲಾಗದುದರಿಂದ, ಅವುಗಳ ಮೂಲಸಾಹಿತ್ಯದ ಮೇಲೆ ಯಾವ ವ್ಯಕ್ತಿಗೂ ಕಂಪನಿಗೂ ಹಕ್ಕುಸ್ವಾಮ್ಯವಿಲ್ಲ. ಜಾನಪದ ಅಭಿವ್ಯಕ್ತಿಗಳ ರಕ್ಷಣೆಗಾಗಿ ಯುನೆಸ್ಕೋ ಮತ್ತು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಗಳು 1982ರಲ್ಲಿಯೇ ಮಾದರಿ ನಿಯಮಗಳನ್ನು ರಚಿಸಿದವಾದರೂ, ನಮ್ಮ ಅಧಿನಿಯಮದಲ್ಲಿ ಸಮುದಾಯಕ್ಕೆ ಅದರ ಹಾಡಿನ ಮೇಲೆ ಹಕ್ಕು ಕೊಡುವ ವಿಧಿ ಇಂದಿಗೂ ಇಲ್ಲ. ಇದು ದೊಡ್ಡ ಕೊರತೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಕೊರತೆಯ ಮಾತನ್ನೇ ಹಿಡಿದು, ಜನಪದವೆಂದ ಮೇಲೆ ಎಲ್ಲವೂ ಪುಕ್ಕಟೆಯೆಂದು ತಿಳಿಯುವುದು ತಪ್ಪು.

ಮೊದಲನೆಯದಾಗಿ, ಹಾಡು ಪರಂಪರೆಯದಾದರೂ ಹಾಡಿದ ಪ್ರದರ್ಶನ ಹಾಡಿದವರದು. ಕಾನೂನಿನ ಪ್ರಕಾರ ಪ್ರದರ್ಶಕರೆಂದರೆ ನಟರು, ಗಾಯಕರು, ವಾದಕರು, ನರ್ತಕರು ಮಾತ್ರವಲ್ಲ, ಜಾದೂ ಮಾಡುವವರೂ ಹಾವಾಡಿಸುವವರೂ ಸೇರುತ್ತಾರೆ. ಅಂದ ಮೇಲೆ ನೀಲಗಾರರೂ ಕಂಸಾಳೆಯ ದೇವರಗುಡ್ಡರೂ ಸೋಬಾನೆ ಹಾಡುವ ತಾಯಂದಿರೂ ಸೇರುತ್ತಾರೆಂಬುದು ಹೇಳದೆಯೂ ವಿದಿತ. ಅವರ ಒಪ್ಪಿಗೆಯಿಲ್ಲದೆ ಅವರ ಹಾಡುಗಾರಿಕೆಯನ್ನು ಮುದ್ರಿಸಿ ಪ್ರಸಾರ ಮಾಡಲಾಗದು. ಒಪ್ಪಿಗೆಯಿಂದ ಮಾಡಿದ ಮುದ್ರಣವನ್ನು ವಾಣಿಜ್ಯಕ್ಕೆ ಬಳಸಿದಾಗಲೂ ಅವರಿಗೆ ರಾಯಧನದ ಹಕ್ಕುಂಟು. ತಮ್ಮನ್ನು ಪ್ರದರ್ಶಕರೆಂದು ಹೆಸರಿಸಬೇಕೆಂದು ಕೇಳುವ, ತಮ್ಮ ಗೌರವಕ್ಕೆ ಕುಂದು ಬರುವಂತೆ ಪ್ರದರ್ಶನವನ್ನು ವಿಕೃತಗೊಳಿಸಬಾರದೆಂದು ತಡೆಯುವ ನೈತಿಕ ಹಕ್ಕೂ ಉಂಟು. ಇವುಗಳಲ್ಲಿ ಬಹುಭಾಗವು 2012ರ ತಿದ್ದುಪಡಿಯಿಂದ ಬಂದುದು.

ಎರಡನೆಯದಾಗಿ, ಧ್ವನಿಮುದ್ರಣಕ್ಕೆ ಮುಂದಾಗಿ ಅದರ ಹೊಣೆಯನ್ನು ಹೊತ್ತವರನ್ನು ಕಾನೂನು ಆ ಮುದ್ರಣದ ನಿರ್ಮಾಪಕರೆಂದು ಪರಿಗಣಿಸಿ ಅದರ ಹಕ್ಕನ್ನು ಅವರಿಗೆ ಕೊಡುತ್ತದೆ. ಮೊಬೈಲು ಯಾರ ಕೈಯಲ್ಲಿದ್ದಿತೋ ಅವರೇ ಮುದ್ರಣದ ಒಡೆಯರಾಗಿಬಿಡುವ ಸಂಭವ ಇಲ್ಲಿಯೇ ಇರುವುದು. ಆದುದರಿಂದ ಹಾಡುವವರು ತಮ್ಮ ಮನೆಯ ಮಕ್ಕಳ ಮೊಬೈಲಿನಲ್ಲಿಯೇ ತಮ್ಮ ಹಾಡನ್ನು ಮೊದಲು ಮುದ್ರಿಸಿಟ್ಟುಕೊಳ್ಳುವುದು ವಿವೇಕ. ಆಗ ಮುದ್ರಣವೂ ದನಿಯೂ ಎರಡೂ ಮನೆಯಲ್ಲಿಯೇ ಉಳಿಯುತ್ತವೆ.

ಮೂರನೆಯದಾಗಿ, ಕಥೆಯ ನಡುವೆ ಗಾಯಕನು ತಾನೇ ಕಟ್ಟಿ ಸೇರಿಸಿದ ನುಡಿಗಳಿಗೆ, ಹೊಸದಾಗಿ ಹೊಂದಿಸಿದ ಮಟ್ಟಿಗೆ ಅವನೇ ಕರ್ತೃ. ಹಾಗೆಯೇ, ಚಲನಚಿತ್ರದವರು ಜನಪದ ಮಟ್ಟೊಂದನ್ನು ತೆಗೆದುಕೊಂಡು ವಾದ್ಯಮೇಳ ಹೊಂದಿಸಿ ಹಾಡಿಸಿದರೆ, ಅವರ ಹಕ್ಕು ಅವರ ಮುದ್ರಣಕ್ಕೂ ಅವರು ಹೊಸದಾಗಿ ಸೇರಿಸಿದ ಭಾಗಕ್ಕೂ ಸೀಮಿತ. ಮೂಲದ ಹಾಡನ್ನು ಹಳ್ಳಿಯವರು ಹಾಡಬಾರದೆಂದು ಹೇಳುವ ಅಧಿಕಾರ ಅದರಿಂದ ಹುಟ್ಟುವುದಿಲ್ಲ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರೂ, ಅದೇ ತಾಲ್ಲೂಕಿನ ಜೀ. ಶಂ. ಪರಮಶಿವಯ್ಯನವರೂ ಊರೂರು ತಿರುಗಿ ಹಾಡುಗಳನ್ನು ಸಂಗ್ರಹಿಸಿದುದರ ಉಪಕಾರ ಈ ಸಂದರ್ಭದಲ್ಲಿ ವಿಶೇಷವಾಗಿ ತಿಳಿಯುತ್ತದೆ. ಹಾಡೊಂದು ಪರಂಪರೆಯದೇ ಹೊರತು ಯಾರೊಬ್ಬರ ಹೊಸ ಸೃಷ್ಟಿಯಲ್ಲವೆಂದು ತೋರಿಸಬೇಕಾದಾಗ, ಅಚ್ಚಾದ ಹಳೆಯ ಸಂಗ್ರಹಕ್ಕಿಂತ ಬಲವಾದ ಸಾಕ್ಷ್ಯ ಮತ್ತೊಂದು ಸಿಕ್ಕುವುದು ಕಷ್ಟ.

ಊರ ನಾಟಕ ಅಂತರ್ಜಾಲಕ್ಕೆ ಹೋದಾಗ

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ, ರಾಜಸೂಯಯಾಗ ಮುಂತಾದ ಪೌರಾಣಿಕ ನಾಟಕಗಳ ಮೇಲಿರುವ ಅಭಿಮಾನ ಎಲ್ಲರೂ ಬಲ್ಲದ್ದು. ಹಾರ್ಮೋನಿಯಂ ಮುಂದಿಟ್ಟುಕೊಂಡ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ, ಬಾಡಿಗೆಯ ಸೀನರಿ ಕಟ್ಟಿಸಿ, ವ್ಯವಸಾಯಗಾರನನ್ನು ದುರ್ಯೋಧನನನ್ನಾಗಿಯೂ ಆಲೆಮನೆಯ ಒಡೆಯನನ್ನು ಕೃಷ್ಣನನ್ನಾಗಿಯೂ ರಂಗಕ್ಕೆ ತಂದು, ಬೆಳಗಿನ ಜಾವದವರೆಗೂ ಕಂದಪದ್ಯಗಳನ್ನೂ ವೃತ್ತಗಳನ್ನೂ ಹಾಡಿಸುವ ಆ ರಾತ್ರಿ, ಈಗ ಮೂರು ಕ್ಯಾಮರಾಗಳ ಮುಂದೆ ನಡೆದು ನೇರಪ್ರಸಾರವಾಗುತ್ತದೆ. ಸಭಿಕರ ಕರತಾಡನದ ಆಸೆಯಿಂದ ನಡುವೆ ಹಳೆಯ ಚಿತ್ರಗೀತೆಯೊಂದರ ಮಟ್ಟಿಗೆ ಭೀಮನ ಮಾತನ್ನು ಜೋಡಿಸಿ ಹಾಡುವ ವಾಡಿಕೆಯೂ ಉಂಟು. ತೊಡಕು ಹುಟ್ಟುವುದು ಇಲ್ಲಿ.

ಅಧಿನಿಯಮದ 52ನೆಯ ಪ್ರಕರಣವು, ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಮುಂದೆ, ಅಥವಾ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವಾಗಿ, ನಾಟಕ ಸಾಹಿತ್ಯ ಸಂಗೀತಗಳನ್ನು ಪ್ರದರ್ಶಿಸಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಊರ ಮಾರಮ್ಮನ ಹಬ್ಬಕ್ಕೆ ಟಿಕೆಟ್ಟಿಲ್ಲದೆ ಆಡುವ ನಾಟಕಕ್ಕೆ ಈ ರಕ್ಷಣೆ ಇದೆ. ಆದರೆ ರಕ್ಷಣೆ ಇರುವುದು ರಂಗದ ಮೇಲಿನ ಪ್ರದರ್ಶನಕ್ಕೆ. ಅದನ್ನು ಮುದ್ರಿಸಿ, ಜಾಹೀರಾತು ಸೇರಿಸಿ, ಲೋಕಕ್ಕೆಲ್ಲ ಬಿತ್ತರಿಸುವುದು ಬೇರೆಯೇ ಕಾರ್ಯ. ನುಡಿ ಬದಲಾಯಿಸಿದ ಮಾತ್ರಕ್ಕೆ ಚಿತ್ರಗೀತೆಯ ಮಟ್ಟು ನಮ್ಮದಾಗುವುದಿಲ್ಲವಾದುದರಿಂದ, ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ಸ್ವಯಂಚಾಲಿತ ವ್ಯವಸ್ಥೆ ಆ ಭಾಗವನ್ನು ಗುರುತಿಸಿ, ಇಡೀ ನಾಟಕದ ಆದಾಯವನ್ನು ಆ ಹಾಡಿನ ಒಡೆಯರ ಕಡೆಗೆ ತಿರುಗಿಸಬಹುದು.

ಮಂಡಲಿಗಳು ಮೂರು ಎಚ್ಚರಿಕೆಗಳನ್ನು ಪಾಲಿಸುವುದು ಒಳ್ಳೆಯದು. ನೇರಪ್ರಸಾರಕ್ಕೆ ಕೊಡುವ ಪ್ರದರ್ಶನದಲ್ಲಿ ಸಾಂಪ್ರದಾಯಿಕ ರಂಗಗೀತೆಗಳ ಮಟ್ಟುಗಳನ್ನೋ ಮೇಷ್ಟ್ರು ತಾವೇ ಕಟ್ಟಿದ ಮಟ್ಟುಗಳನ್ನೋ ಬಳಸತಕ್ಕದ್ದು. ದೃಶ್ಯ ಬದಲಾಗುವ ಹೊತ್ತಿನಲ್ಲಿ ಧ್ವನಿವರ್ಧಕದಲ್ಲಿ ಚಿತ್ರಗೀತೆಯ ಮುದ್ರಿಕೆಯನ್ನು ಹಾಕಬಾರದು, ಹಾಕಿದರೆ ಆ ಭಾಗವನ್ನು ವಿಡಿಯೋದಿಂದ ತೆಗೆದುಹಾಕತಕ್ಕದ್ದು. ಚಿತ್ರೀಕರಿಸುವ ಚಾನೆಲ್ಲಿನವರೊಡನೆ, ಆದಾಯದಲ್ಲಿ ಮಂಡಲಿಗೂ ಮೇಷ್ಟ್ರಿಗೂ ಎಷ್ಟು ಪಾಲೆಂಬುದನ್ನು ಪರದೆ ಏಳುವ ಮುನ್ನವೇ ಬರೆದುಕೊಳ್ಳತಕ್ಕದ್ದು.

ಮದುವೆ, ಮೆರವಣಿಗೆ, ರಸಮಂಜರಿ

ಧಾರ್ಮಿಕ ವಿಧಿಗಳಲ್ಲಿಯೂ, ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಗಳ ಅಧಿಕೃತ ಸಮಾರಂಭಗಳಲ್ಲಿಯೂ ಹಾಡುವುದಕ್ಕೂ ಮುದ್ರಿತ ಗೀತೆಗಳನ್ನು ಕೇಳಿಸುವುದಕ್ಕೂ ಅದೇ 52ನೆಯ ಪ್ರಕರಣದಲ್ಲಿ ವಿನಾಯಿತಿ ಉಂಟು; ಮದುವೆಯ ಮೆರವಣಿಗೆಯೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಧಾರ್ಮಿಕ ವಿಧಿಯಲ್ಲಿ ಅಡಕವೆಂದು ಕಾನೂನೇ ವಿವರಣೆ ಕೊಟ್ಟಿದೆ. 2023ರ ಜುಲೈಯಲ್ಲಿ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯು ಇದನ್ನು ಸಾರ್ವಜನಿಕ ಪ್ರಕಟಣೆಯ ಮೂಲಕ ಮತ್ತೆ ನೆನಪಿಸಿತು. ಆದುದರಿಂದ ಕಲ್ಯಾಣಮಂಟಪದಲ್ಲಿ ಹಾಡು ಹಾಕಿದುದಕ್ಕಾಗಿ ಹಣ ಕೇಳಿ ಯಾರಾದರೂ ಬಂದರೆ, ಈ ವಿಧಿಯನ್ನು ವಿನಯದಿಂದ ಅವರಿಗೆ ತೋರಿಸಬಹುದು. ಆದರೆ ಅದೇ ಮದುವೆಯ ಚಿತ್ರಸುರುಳಿಗೆ ಚಿತ್ರಗೀತೆಯನ್ನು ಜೋಡಿಸಿ ಸ್ಟುಡಿಯೋದವರು ತಮ್ಮ ಪ್ರಚಾರಕ್ಕೆಂದು ಅಂತರ್ಜಾಲಕ್ಕೆ ಹಾಕಿದಾಗ ಈ ವಿನಾಯಿತಿ ಅವರ ಹಿಂದೆ ಬರುವುದಿಲ್ಲ. ಟಿಕೆಟ್ಟಿಟ್ಟು ನಡೆಸುವ ರಸಮಂಜರಿಗೂ, ಅಂಗಡಿ ಹೋಟೆಲುಗಳಲ್ಲಿ ಗಿರಾಕಿಗಳಿಗಾಗಿ ಹಾಕುವ ಹಾಡಿಗೂ ಪರವಾನಗಿ ಬೇಕು.

ಸೂಚನೆ ಬಂದರೆ ಏನು ಮಾಡಬೇಕು?

ಯೂಟ್ಯೂಬಿನಿಂದ ಬರುವ ಸೂಚನೆಗಳಲ್ಲಿ ಎರಡು ಬಗೆ. ಕ್ಲೈಮ್ ಎಂಬುದು ಸೌಮ್ಯವಾದುದು. ವಿಡಿಯೋ ಸಾಮಾನ್ಯವಾಗಿ ಉಳಿದು, ಆದಾಯ ಬೇರೆಯವರಿಗೆ ಹೋಗುತ್ತದೆ, ಅಥವಾ ಆ ಭಾಗದ ಸದ್ದು ಅಡಗುತ್ತದೆ. ಸ್ಟ್ರೈಕ್ ಎಂಬುದು ಗಂಭೀರವಾದುದು. ವಿಡಿಯೋವನ್ನೇ ತೆಗೆಯಲಾಗುತ್ತದೆ, ಹಾಗೂ 90 ದಿನಗಳೊಳಗೆ ಮೂರು ಸ್ಟ್ರೈಕುಗಳಾದರೆ ಚಾನೆಲ್ಲೇ ರದ್ದಾಗಬಹುದು. ಹಾಡು ನಿಜವಾಗಿಯೂ ಬೇರೆಯವರದಾಗಿದ್ದರೆ ಆ ಭಾಗವನ್ನು ಕತ್ತರಿಸಿಬಿಡುವುದೇ ಸರಿ.

ಆದರೆ ನಿಮ್ಮದೇ ದನಿಯ, ನಿಮ್ಮದೇ ಮುದ್ರಣದ ಜನಪದ ಗೀತೆಗೆ, ಅದೇ ಗೀತೆಯನ್ನು ಬೇರೆ ಮುದ್ರಣದಲ್ಲಿ ಹೊಂದಿರುವ ಕಂಪನಿಯೊಂದರ ಹೆಸರಿನಲ್ಲಿ ಕ್ಲೈಮ್ ಬಂದರೆ ಹೆದರಿ ಸುಮ್ಮನಾಗಬಾರದು; ‘ಹಾಡು ಪರಂಪರಾಗತ, ಮುದ್ರಣ ನನ್ನದು’ ಎಂದು ಆಕ್ಷೇಪ ಸಲ್ಲಿಸತಕ್ಕದ್ದು. ಎದುರಿನವರು 30 ದಿನಗಳೊಳಗೆ ಉತ್ತರಿಸದಿದ್ದರೆ ಕ್ಲೈಮ್ ತಾನಾಗಿ ಬಿದ್ದುಹೋಗುತ್ತದೆ. ಸುಳ್ಳು ಆಕ್ಷೇಪವು ಸ್ಟ್ರೈಕಿಗೆ ದಾರಿಯಾಗಬಹುದಾದುದರಿಂದ, ಸತ್ಯವಿದ್ದಲ್ಲಿ ಮಾತ್ರ ಈ ಹೆಜ್ಜೆ ಇಡತಕ್ಕದ್ದು.

ನಿಮ್ಮ ಹಾಡನ್ನು ಇತರರು ಕದ್ದು ಹಾಕಿಕೊಂಡಿದ್ದರೆ, ಮೊದಲು ಆ ಪುಟದ ಚಿತ್ರವನ್ನು ದಿನಾಂಕ ಸಹಿತವಾಗಿ ತೆಗೆದಿಟ್ಟುಕೊಂಡು, ಅನಂತರ ಆ ವೇದಿಕೆಗೆ ಬರೆಹದಲ್ಲಿ ದೂರು ಕೊಡಿ. ದೂರು ನಿಜವೆಂದು ಮನವರಿಕೆಯಾದಲ್ಲಿ ವೇದಿಕೆಯು 36 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕೆಂದು 2013ರ ಹಕ್ಕುಸ್ವಾಮ್ಯ ನಿಯಮಗಳು ಹೇಳುತ್ತವೆ. ಆದರೆ 21 ದಿನಗಳೊಳಗೆ ನೀವು ನ್ಯಾಯಾಲಯದ ಆದೇಶ ತರದಿದ್ದರೆ ವೇದಿಕೆಯವರು ಆ ಹಾಡನ್ನು ಮತ್ತೆ ಹಾಕಬಹುದು. ನ್ಯಾಯಾಲಯವೆಂದೊಡನೆ ಬೆಂಗಳೂರು ದೆಹಲಿಗಳೆಂದು ಎದೆಗುಂದಬೇಕಾಗಿಲ್ಲ. ಹಕ್ಕುದಾರನು ತಾನು ವಾಸಿಸುವ ಸ್ಥಳದ ವ್ಯಾಪ್ತಿಯ ಜಿಲ್ಲಾ ನ್ಯಾಯಾಲಯದಲ್ಲಿಯೇ ದಾವೆ ಹೂಡಬಹುದೆಂದು 62ನೆಯ ಪ್ರಕರಣ ಅವಕಾಶವಿತ್ತಿದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನಾಗಲಿ, 15100 ಎಂಬ ಸಹಾಯವಾಣಿಯನ್ನಾಗಲಿ ಕೇಳಬಹುದು. ಸೋಬಾನೆ ಹಾಡುವ ತಾಯಂದಿರಿಗೂ ನೀಲಗಾರರಲ್ಲಿ ಅನೇಕರಿಗೂ ಈ ನೆರವು ಹಕ್ಕಾಗಿಯೇ ಸಲ್ಲತಕ್ಕದ್ದು.

ಒಂದು ಹಾಳೆಯ ಒಪ್ಪಂದ

ಇಷ್ಟೆಲ್ಲ ವ್ಯಾಜ್ಯಗಳನ್ನು ಮುಂದಾಗಿಯೇ ತಪ್ಪಿಸಬಲ್ಲ ಸಾಧನ ಒಂದು ಹಾಳೆಯ ಬರೆಹ. ಹಾಡುವವರು ಕೆಳಗಿನ ಮಾದರಿಯನ್ನು ನಕಲು ಮಾಡಿಕೊಂಡು ಎರಡು ಪ್ರತಿ ಬರೆದು, ಒಂದನ್ನು ತಮ್ಮಲ್ಲಿಟ್ಟುಕೊಳ್ಳಬಹುದು:

“ದಿನಾಂಕ … ರಂದು … ಗ್ರಾಮದಲ್ಲಿ ನಾನು ಹಾಡಿದ … ಕಥೆಯ/ಪದಗಳ ಸುಮಾರು … ಗಂಟೆಯ ಗಾಯನವನ್ನು ಮುದ್ರಿಸಿಕೊಳ್ಳಲು … ಅವರಿಗೆ ಒಪ್ಪಿಗೆ ಕೊಟ್ಟಿರುತ್ತೇನೆ. ಈ ಒಪ್ಪಿಗೆ … ಎಂಬ ಚಾನೆಲ್ಲಿಗೆ ಮಾತ್ರ, … ವರ್ಷಗಳಿಗೆ ಮಾತ್ರ. ನನ್ನ ಮತ್ತು ಮೇಳದವರ ಹೆಸರು, ಊರುಗಳನ್ನು ವಿಡಿಯೋದಲ್ಲಿಯೂ ಅದರ ವಿವರಣೆಯಲ್ಲಿಯೂ ತೋರಿಸತಕ್ಕದ್ದು. ಇಂದು ಸಂಭಾವನೆ ರೂ. … ಸಂದಾಯವಾಗಿದೆ, ಇದಲ್ಲದೆ ಮುಂದೆ ಬರುವ ಆದಾಯದಲ್ಲಿ ನೂರಕ್ಕೆ … ರಂತೆ ಆರು ತಿಂಗಳಿಗೊಮ್ಮೆ ಲೆಕ್ಕ ಸಹಿತ ಕೊಡತಕ್ಕದ್ದು. ಇತರರಿಗೆ ಮಾರುವುದಾಗಲಿ, ಚಲನಚಿತ್ರ, ಜಾಹೀರಾತು, ಕೃತಕ ಬುದ್ಧಿಮತ್ತೆಯ ತರಬೇತಿಗಳಿಗೆ ಬಳಸುವುದಾಗಲಿ, ನನ್ನ ಪ್ರತ್ಯೇಕ ಬರೆಹದ ಒಪ್ಪಿಗೆಯಿಲ್ಲದೆ ಕೂಡದು. ಇದೇ ಪದಗಳನ್ನು ಬೇರೆಡೆ ಹಾಡುವ, ಮುದ್ರಿಸುವ ನನ್ನ ಸ್ವಾತಂತ್ರ್ಯಕ್ಕೆ ಇದರಿಂದ ಬಾಧಕವಿಲ್ಲ.”

ಕೊನೆಯ ವಾಕ್ಯವನ್ನು ಎಂದಿಗೂ ಬಿಡಬಾರದು. ತನ್ನ ಹಾಡನ್ನು ತಾನೇ ಮತ್ತೆ ಮುದ್ರಿಸಲಾಗದ ಸ್ಥಿತಿಗೆ ಗಾಯಕನನ್ನು ತಂದಿಡಬಲ್ಲ ‘ಶಾಶ್ವತ, ಸರ್ವಾಧಿಕಾರ, ವಿಶ್ವವ್ಯಾಪ್ತಿ’ ಎಂಬ ಪದಗಳು ಕಂಪನಿಗಳ ಸಿದ್ಧಪತ್ರಗಳಲ್ಲಿ ಅಡಗಿರುವುದುಂಟು. ಓದು ಬಾರದವರು ಹೆಬ್ಬೆಟ್ಟು ಒತ್ತುವ ಮೊದಲು ನಂಬಿಕೆಯ ಮೂರನೆಯವರಿಂದ ಪತ್ರವನ್ನು ಪೂರ್ಣವಾಗಿ ಓದಿಸಿ ಕೇಳತಕ್ಕದ್ದು.

ಹಾಡು ಬರೆದವರೂ ರಾಗ ಹಾಕಿದವರೂ ತಮ್ಮ ಹಕ್ಕನ್ನು ಮಾರುವ ಪತ್ರಗಳ ವಿಚಾರದಲ್ಲಿ ಕಾನೂನೇ ಕೆಲವು ರಕ್ಷಣೆಗಳನ್ನಿಟ್ಟಿದೆ. 1994ರ ತಿದ್ದುಪಡಿಯು 1995ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಬರೆದ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು ಐದೇ ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಬೇಕು. ಕ್ಯಾಸೆಟ್ಟಿನ ಕಾಲದಲ್ಲಿ ಹಾಡು ಬರೆದುಕೊಟ್ಟವರು ಪೆಟ್ಟಿಗೆಯಲ್ಲಿನ ಹಳೆಯ ಕಾಗದಗಳನ್ನು ತೆಗೆದು ಒಮ್ಮೆ ವಕೀಲರಿಗೆ ತೋರಿಸುವುದು ಲಾಭಕರ. 2012ರ ತಿದ್ದುಪಡಿಯಂತೆ, ಚಿತ್ರಗಳಲ್ಲಿಯೂ ಧ್ವನಿಮುದ್ರಣಗಳಲ್ಲಿಯೂ ಸೇರಿದ ಗೀತೆಯ ಸಾಹಿತಿಯೂ ಸಂಯೋಜಕರೂ ತಮ್ಮ ರಾಯಧನದ ಪಾಲನ್ನು ಬಿಟ್ಟುಕೊಟ್ಟೆವೆಂದು ಸಹಿ ಹಾಕಿದ್ದರೂ, ಚಿತ್ರಮಂದಿರದ ಪ್ರದರ್ಶನವೊಂದನ್ನುಳಿದು, ಆ ಸಹಿ ನಿಲ್ಲುವುದಿಲ್ಲ.

ನೋಂದಣಿಯೂ ರಾಯಧನವೂ

ಹಕ್ಕುಸ್ವಾಮ್ಯವು ಕೃತಿಯೊಡನೆಯೇ ಹುಟ್ಟುವುದರಿಂದ ನೋಂದಣಿ ಕಡ್ಡಾಯವಲ್ಲ; ಆದರೆ ವಿವಾದ ಬಂದಾಗ ನೋಂದಣಿ ಪುಸ್ತಕದ ದಾಖಲೆಯನ್ನು ನ್ಯಾಯಾಲಯವು ಮೇಲ್ನೋಟದ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ದೆಹಲಿಯ ಹಕ್ಕುಸ್ವಾಮ್ಯ ಕಚೇರಿಗೆ ಅಂತರ್ಜಾಲದ ಮೂಲಕವೇ ಅರ್ಜಿ ಹಾಕಬಹುದು; ಶುಲ್ಕ ಸಾಹಿತ್ಯ ಅಥವಾ ಸಂಗೀತ ಕೃತಿಯೊಂದಕ್ಕೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ. ಇದಕ್ಕೂ ಅನುಕೂಲವಿಲ್ಲದವರು, ಬರೆದ ಹಾಡನ್ನು ದಿನಾಂಕ ಸಹಿತ ತಮಗೆ ತಾವೇ ಇಮೇಲ್ ಮಾಡಿಕೊಳ್ಳುವುದು, ಮುದ್ರಣದ ಆರಂಭದಲ್ಲಿ ಹೆಸರು ಊರು ತಾರೀಖುಗಳನ್ನು ಬಾಯಲ್ಲಿ ಹೇಳುವುದು, ಮೂಲ ಕಡತವನ್ನು ಎರಡು ಕಡೆ ಉಳಿಸುವುದು, ಇಷ್ಟನ್ನಾದರೂ ಮಾಡಿದರೆ ಸಾಕ್ಷ್ಯಕ್ಕೆ ಆಧಾರವಾಗುತ್ತದೆ.

ಗೀತರಚನಕಾರರೂ ಸಂಯೋಜಕರೂ 1969ರಲ್ಲಿ ಸ್ಥಾಪಿತವಾದ ಐ.ಪಿ.ಆರ್.ಎಸ್. ಎಂಬ ಸಂಘದ ಸದಸ್ಯರಾದರೆ, ಅವರ ಕೃತಿ ಬಳಕೆಯಾದಲ್ಲೆಲ್ಲ ರಾಯಧನ ವಸೂಲು ಮಾಡಿ ಹಂಚುವ ಹೊಣೆ ಅದರದು. ಗಾಯಕರಿಗಾಗಿ 2013ರಲ್ಲಿ ನೋಂದಣಿಯಾದ ಐ.ಎಸ್.ಆರ್.ಎ. ಎಂಬ ಪ್ರತ್ಯೇಕ ಸಂಘ ರೂಪುಗೊಂಡಿತು. ಸ್ವಂತ ಮುದ್ರಣವನ್ನು ಸ್ಪಾಟಿಫೈ, ಜಿಯೋಸಾವನ್ ಮೊದಲಾದೆಡೆ ಬಿಡುವವರು ಐ.ಎಸ್.ಆರ್.ಸಿ. ಎಂಬ ಹನ್ನೆರಡು ಅಕ್ಷರಾಂಕಿಗಳ ಗುರುತುಸಂಖ್ಯೆಯನ್ನು ಪಡೆದಿರಬೇಕು. ಯಾವ ಮುದ್ರಣ ಎಷ್ಟು ಸಲ ಕೇಳಲ್ಪಟ್ಟಿತೆಂಬ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ದೊಡ್ಡವರ ವ್ಯಾಜ್ಯಗಳಿಂದ ಪಾಠ

ಈ ಎಚ್ಚರಿಕೆ ಬಡ ಕಲಾವಿದರಿಗೆ ಮಾತ್ರವಲ್ಲ. 2022ರ ಅಕ್ಟೋಬರಿನಲ್ಲಿ ಪಾಂಡವಪುರ, ನಾಗಮಂಗಲಗಳ ಮೂಲಕವೂ ಹಾದುಹೋದ ಭಾರತ್ ಜೋಡೋ ಯಾತ್ರೆಯ ಪ್ರಚಾರದ ವಿಡಿಯೋಗಳಲ್ಲಿ ಕೆ.ಜಿ.ಎಫ್. ಚಿತ್ರದ ಎರಡನೆಯ ಭಾಗದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಲಾಗಿದೆಯೆಂದು ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆ ದೂರಿದಾಗ, ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ನವೆಂಬರ್ 7ರಂದು ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯುವಂತೆ ಆದೇಶಿಸಿತು. ವಿವಾದಿತ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಮರುದಿನವೇ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಅದೇ ಕಾಲದಲ್ಲಿ, ‘ಕಾಂತಾರ’ ಚಿತ್ರದ ಗೀತೆಯೊಂದು ತಮ್ಮ ‘ನವರಸಂ’ ಎಂಬ ಸಂಯೋಜನೆಯನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಆಕ್ಷೇಪಿಸಿ, ಅಲ್ಲಿನ ನ್ಯಾಯಾಲಯಗಳಿಂದ ತಡೆಯಾಜ್ಞೆ ತಂದಿತು. ಅಲ್ಪಕಾಲವಾದರೂ ಚಿತ್ರತಂಡ ಆ ಗೀತೆಗೆ ಬದಲಿ ರೂಪವನ್ನು ಒದಗಿಸಬೇಕಾಯಿತು. ಕೋಟಿಗಟ್ಟಲೆ ಬಂಡವಾಳ ಹೂಡಿದವರಿಗೂ, ಲಕ್ಷಗಟ್ಟಲೆ ಅನುಯಾಯಿಗಳುಳ್ಳ ಪಕ್ಷಕ್ಕೂ ಹಾಡಿನ ಹಕ್ಕು ತಡೆಯೊಡ್ಡಬಲ್ಲದಾದರೆ, ಅದೇ ಕಾನೂನು ಬೊಪ್ಪೇಗೌಡನಪುರದ ಗಾಯಕನ ಬೆನ್ನಿಗೂ ನಿಲ್ಲಬಲ್ಲದು. ನಿಲ್ಲಿಸಿಕೊಳ್ಳುವ ಜಾಣ್ಮೆ ಮಾತ್ರ ಬೇಕು.

ಕೃತಕ ಬುದ್ಧಿಮತ್ತೆಯಿಂದ ಗಾಯಕರ ದನಿಯನ್ನೇ ಅನುಕರಿಸಿ ಹೊಸ ಹಾಡು ಹಾಡಿಸುವ ವಿದ್ಯೆ ಬಂದ ಮೇಲೆ ಈ ಎಚ್ಚರಿಕೆಯ ಅಗತ್ಯ ಇಮ್ಮಡಿಸಿದೆ. 2024ರ ಜುಲೈಯಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಹೀಗೆ ಅನುಮತಿಯಿಲ್ಲದೆ ಬಳಸಕೂಡದೆಂದು ಮಧ್ಯಂತರ ರಕ್ಷಣೆಯನ್ನಿತ್ತಿತು. ಪ್ರಸಿದ್ಧರಿಗೆ ಸಿಕ್ಕ ಆ ರಕ್ಷಣೆ ಅಪ್ರಸಿದ್ಧರಿಗೆ ಅಷ್ಟೇ ಸುಲಭವಾಗಿ ಸಿಕ್ಕಬೇಕಾದರೆ ನ್ಯಾಯಾಲಯಗಳ ಮುಂದೆ ಇನ್ನೂ ಹಾದಿಯಿದೆ. ಆದುದರಿಂದಲೇ ಮೇಲಿನ ಮಾದರಿ ಪತ್ರದಲ್ಲಿ ಕೃತಕ ಬುದ್ಧಿಮತ್ತೆಯ ಮಾತನ್ನು ಸೇರಿಸಿರುವುದು.

ಊರಿನವರು ಮಾಡಬೇಕಾದುದು

ಹಾಡುವವರು ವಯಸ್ಸಾದವರು, ಅನೇಕರು ಅಕ್ಷರವಂಚಿತರು; ಈ ಕಾಗದಪತ್ರಗಳ ಹೊರೆಯನ್ನು ಅವರೊಬ್ಬರ ಹೆಗಲ ಮೇಲೆಯೇ ಹೇರುವುದು ನ್ಯಾಯವಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ಸುತ್ತಿನ ಹತ್ತು ಹಳ್ಳಿಗಳ ಗಾಯಕರನ್ನಾದರೂ ಕಂಡು, ಅವರ ಹೆಸರಿನಲ್ಲಿಯೇ ಮುದ್ರಣ ಮಾಡಿಸಿ, ಅದರ ಒಡೆತನ ಗಾಯಕರದೆಂದು ಬರೆದುಕೊಟ್ಟು, ಒಂದು ಪ್ರತಿಯನ್ನು ಕಾಲೇಜಿನಲ್ಲಿ ಕಾಪಾಡಿಡಬಹುದು. ಗ್ರಾಮ ಪಂಚಾಯಿತಿಗಳು, ಜಾತ್ರೆಗಳಲ್ಲಿ ಚಿತ್ರೀಕರಣ ಮಾಡುವವರು ಕಲಾವಿದರ ಒಪ್ಪಿಗೆಪತ್ರ ತೋರಿಸತಕ್ಕದ್ದೆಂದು ಒಂದು ಫಲಕ ಹಾಕಿಸಬಹುದು. ಚಾನೆಲ್ ನಡೆಸುವ ನಮ್ಮ ತರುಣರು, ಹಾಡಿದವರ ಹೆಸರನ್ನು ತಮ್ಮ ಚಾನೆಲ್ಲಿನ ಹೆಸರಿಗಿಂತ ಮೊದಲು ಬರೆಯುವ ಮರ್ಯಾದೆಯನ್ನು ಇಂದೇ ಆರಂಭಿಸಬಹುದು; ಅದಕ್ಕೆ ಯಾವ ಶುಲ್ಕವೂ ಇಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ.

ನೂರಾರು ವರ್ಷ ಬಾಯಿಂದ ಬಾಯಿಗೆ ಈ ಕಾವ್ಯಗಳನ್ನು ಉಳಿಸಿಕೊಂಡು ಬಂದವರು ಅದಕ್ಕಾಗಿ ನಮ್ಮಲ್ಲಿ ಬೆಲೆ ಕೇಳಲಿಲ್ಲ. ಅವರು ಕೇಳಲಿಲ್ಲವೆಂಬುದನ್ನು ನಾವು ಕೊಡದಿರುವುದಕ್ಕೆ ಕಾರಣ ಮಾಡಿಕೊಳ್ಳುವುದು ಇನ್ನು ಸಲ್ಲದು. ಹಾಡು ಗಳಿಸುವ ಕಾಲ ಬಂದಿರುವಾಗ ಹಾಡಿದವರಿಗೂ ಅದರ ಪಾಲು ಸಲ್ಲಬೇಕು. ಈ ವರ್ಷದ ಜಾತ್ರೆಗೆ ಮೊಬೈಲು ಹಿಡಿದು ಹೋಗುವವರು ಜೇಬಿನಲ್ಲಿ ಒಪ್ಪಿಗೆಯ ಆ ಒಂದು ಹಾಳೆಯನ್ನೂ ಒಯ್ದರೆ, ಆ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ.